ಸಾಲ ಮಾಹಿತಿ ವರದಿ: ಓದುವ ಕ್ರಮ, ತಿದ್ದಿಸುವ ಕ್ರಮ ಹಾಗೂ ಜಾಮೀನು ಸಹಿಯ ಹೊಣೆ

ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕೃತವಾದಾಗ ಗ್ರಾಮಸ್ಥರಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದು: “ನಿಮ್ಮ ಸಿಬಿಲ್ ಸರಿಯಿಲ್ಲ.” ಹಸು ಕೊಳ್ಳಲು, ಹಿಟ್ಟಿನ ಗಿರಣಿ ಹಾಕಲು ಅಥವಾ ಮಗಳ ನರ್ಸಿಂಗ್ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸಿದವರು ಆ ಉತ್ತರವನ್ನು ಹೊತ್ತು ಬರುವುದು ತಮ್ಮ ವಾರ್ಡಿನ ಸದಸ್ಯರ ಮನೆಗೆ. ಮ್ಯಾನೇಜರಿಗೆ ಒಂದು ಮಾತು ಹೇಳಬೇಕೆಂಬುದು ಅವರ ಕೋರಿಕೆ. ಮಾತು ಹೇಳುವುದರಿಂದ ವರದಿ ಬದಲಾಗದು. ಆದರೆ ವರದಿಯ ಯಾವ ಸಾಲಿನಿಂದ ಅರ್ಜಿ ನಿಂತಿತು, ಆ ಸಾಲನ್ನು ಬರೆಸಿದವರು ಯಾರು, ಅದು ನಿಜವೇ ಎಂಬ ಮೂರು ಪ್ರಶ್ನೆಗಳಿಗೆ ಬಹುಪಾಲು ಒಂದೇ ದಿನದಲ್ಲಿ ಉತ್ತರ ಕಂಡುಕೊಳ್ಳಬಹುದು. ಸಾಲು ತಪ್ಪಾಗಿದ್ದರೆ ಅದನ್ನು ತಿದ್ದಿಸಲು ಕಾನೂನಿನಲ್ಲಿ ಕಾಲಮಿತಿಯೂ ಇದೆ. ಈ ವಿಷಯ ತಿಳಿದ ಸದಸ್ಯರು ಶಿಫಾರಸಿಗಿಂತ ಹೆಚ್ಚಿನ ನೆರವು ನೀಡಬಲ್ಲರು.

ಸದಸ್ಯರಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯೂ ಉಂಟು. ಊರಿನಲ್ಲಿ ಜಾಮೀನು ಸಹಿಗಾಗಿ ಮೊದಲು ನೆನಪಾಗುವವರು ಚುನಾಯಿತ ಪ್ರತಿನಿಧಿಗಳೇ. ಆ ಸಹಿ ಎಲ್ಲಿ ದಾಖಲಾಗುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ವರದಿಯನ್ನು ಬರೆಯುವವರು ಯಾರು

ಸಿಬಿಲ್ ಎಂಬುದು ಅಂಕವೊಂದರ ಹೆಸರಲ್ಲ, ಕಂಪನಿಯ ಹೆಸರು. 2000ನೇ ಇಸವಿಯಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಇಂದಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ಮೂರು ಸಾಲ ಮಾಹಿತಿ ಕಂಪನಿಗಳು ದೇಶದಲ್ಲಿ ಕಾರ್ಯನಿರ್ವಹಿಸುತ್ತಿವೆ. ಇವೆಲ್ಲವೂ 2005ರ ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಅಧಿನಿಯಮದ ಅಡಿಯಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಗೆ ಒಳಪಟ್ಟಿವೆ.

ಈ ಕಂಪನಿಗಳು ಸಾಲ ಕೊಡುವುದಿಲ್ಲ, ಅರ್ಜಿಯನ್ನು ತಿರಸ್ಕರಿಸುವುದೂ ಇಲ್ಲ. ಬ್ಯಾಂಕು, ಹಣಕಾಸು ಸಂಸ್ಥೆ, ಕಿರುಸಾಲ ಸಂಸ್ಥೆಗಳು ಕಳುಹಿಸಿದ ಮಾಹಿತಿಯನ್ನು ವ್ಯಕ್ತಿವಾರು ಜೋಡಿಸಿಡುವುದಷ್ಟೇ ಇವುಗಳ ಕೆಲಸ. ಜಮೀನಿಗೆ ಪಹಣಿ ಇರುವಂತೆ ವ್ಯಕ್ತಿಯ ಸಾಲಗಳಿಗೆ ಈ ವರದಿ ಇದೆ ಎಂದು ತಿಳಿದರೆ ಸಾಕು. ಪಹಣಿಯಲ್ಲಿ ತಪ್ಪು ಹೆಸರು ನುಸುಳುವಂತೆ ಇಲ್ಲಿಯೂ ನುಸುಳುತ್ತದೆ. ಸಾಲ ತೀರಿದ ಮೇಲೂ ಋಣದ ಕಾಲಂ ಖಾಲಿಯಾಗದೆ ಉಳಿಯುವಂತೆ ಇಲ್ಲಿಯೂ ಉಳಿಯುತ್ತದೆ. “ಸಿಬಿಲ್‌ನವರು ಕಪ್ಪುಪಟ್ಟಿಗೆ ಸೇರಿಸಿದ್ದಾರೆ” ಎಂಬ ಮಾತು ಹಳ್ಳಿಗಳಲ್ಲಿ ಪ್ರಚಲಿತವಾಗಿದ್ದರೂ ಅಂತಹ ಪಟ್ಟಿ ಈ ವರದಿಯಲ್ಲಿಲ್ಲ.

ಮನೆ ಕಂದಾಯ ಅಥವಾ ನೀರಿನ ಕರದ ಬಾಕಿಯಿಂದ ಸಿಬಿಲ್ ಕೆಡುತ್ತದೆಯೇ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಇಲ್ಲ. ಗ್ರಾಮ ಪಂಚಾಯತಿಯು ಸಾಲ ನೀಡುವ ಸಂಸ್ಥೆಯಲ್ಲವಾದ್ದರಿಂದ ಅದರ ಬೇಡಿಕೆ ವಹಿಯ ಬಾಕಿ ವರದಿಗೆ ಸೇರದು. ಕೈಸಾಲ, ಲೇವಾದೇವಿಗಾರರ ಸಾಲ ಹಾಗೂ ಊರೊಳಗಿನ ಚೀಟಿ ವ್ಯವಹಾರವೂ ಸೇರುವುದಿಲ್ಲ. ಹಾಗೆಯೇ ವ್ಯಕ್ತಿಯ ಠೇವಣಿ, ಜಮೀನು, ಜಾನುವಾರುಗಳ ಲೆಕ್ಕವೂ ಅಲ್ಲಿರುವುದಿಲ್ಲ. ಹತ್ತು ಎಕರೆ ನೀರಾವರಿ ಜಮೀನಿದ್ದವರ ವರದಿ ಕೆಟ್ಟಿರಬಹುದು. ಭೂಮಿಯೇ ಇಲ್ಲದ ಕೂಲಿಕಾರ್ಮಿಕರ ವರದಿ ಉತ್ತಮವಾಗಿರಬಹುದು. ಚಿನ್ನದ ಅಡಮಾನ ಸಾಲ ಮಾತ್ರ ಖಂಡಿತವಾಗಿ ಸಾಲವೇ. ಒಡವೆ ಬ್ಯಾಂಕಿನಲ್ಲಿಯೇ ಇದೆಯಲ್ಲ ಎಂದು ಗಡುವು ಮೀರಲು ಬಿಟ್ಟವರ ಹೆಸರಿನಲ್ಲಿ ಸುಸ್ತಿ ದಾಖಲಾಗುತ್ತದೆ.

ಅಂಕಕ್ಕಿಂತ ಸಾಲುಗಳು ಮುಖ್ಯ

ವರದಿಯ ಮೇಲ್ಭಾಗದಲ್ಲಿ 300ರಿಂದ 900ರೊಳಗಿನ ಒಂದು ಅಂಕವಿರುತ್ತದೆ. ಎಲ್ಲರ ಕಣ್ಣೂ ಅದರ ಮೇಲೆಯೇ. ಇಂತಿಷ್ಟು ಅಂಕವಿದ್ದರೆ ಮಾತ್ರ ಸಾಲ ಕೊಡಬೇಕೆಂದು ರಿಸರ್ವ್ ಬ್ಯಾಂಕು ನಿಗದಿಪಡಿಸಿಲ್ಲ. ಪ್ರತಿ ಬ್ಯಾಂಕು ತನ್ನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ಮಿತಿಯನ್ನು ಇಟ್ಟುಕೊಳ್ಳುತ್ತದೆ. ಆದುದರಿಂದ ಒಂದು ಶಾಖೆಯಲ್ಲಿ ನಿಂತ ಅರ್ಜಿ ಬೇರೆ ಬ್ಯಾಂಕಿನಲ್ಲಿ ಮಂಜೂರಾಗುವುದುಂಟು. ನಾಲ್ಕು ಕಂಪನಿಗಳ ಲೆಕ್ಕಾಚಾರದ ಸೂತ್ರಗಳು ಬೇರೆ ಬೇರೆಯಾದ್ದರಿಂದ ಒಬ್ಬರಿಗೇ ನಾಲ್ಕು ಅಂಕಗಳು ಬರಬಹುದು. ಅಂಕವು ಕೆಳಗಿನ ಸಾಲುಗಳ ಫಲಿತಾಂಶ ಮಾತ್ರ. ಸಾಲುಗಳನ್ನು ಸರಿಪಡಿಸದೆ ಅಂಕವನ್ನು ಸರಿಪಡಿಸಲಾಗದು.

ಅಂಕದ ಕೆಳಗೆ ಹೆಸರು, ಜನ್ಮದಿನಾಂಕ, ಪ್ಯಾನ್, ವಿಳಾಸ, ದೂರವಾಣಿ ಸಂಖ್ಯೆ ಇರುತ್ತವೆ. ನಮ್ಮ ಗ್ರಾಮಗಳ ಮಟ್ಟಿಗೆ ತಪ್ಪುಗಳು ಮೊದಲು ಹುಟ್ಟುವುದು ಇಲ್ಲಿಯೇ. ಒಂದೇ ಊರಿನಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರಿರುವುದು ಅಪರೂಪವಲ್ಲ. ಒಬ್ಬರದೇ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆ, ಪ್ಯಾನ್‌ನಲ್ಲಿ ಮತ್ತೊಂದು ಬಗೆ ಇರುವುದೂ ಸಾಮಾನ್ಯ. ಜನ್ಮದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆದಿರುವ ದಾಖಲೆಗಳು ಈ ಗೊಂದಲವನ್ನು ಹೆಚ್ಚಿಸುತ್ತವೆ. ಹೀಗೆ ಮತ್ತೊಬ್ಬರ ಸಾಲ ತಮ್ಮ ವರದಿಯಲ್ಲಿ ಕುಳಿತಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು.

ನಂತರದ್ದು ಖಾತೆಗಳ ಭಾಗ. ಪ್ರತಿಯೊಂದು ಸಾಲಕ್ಕೂ ಸಂಸ್ಥೆಯ ಹೆಸರು, ಸಾಲದ ಬಗೆ, ಮಂಜೂರಾದ ಮೊತ್ತ, ಉಳಿದ ಬಾಕಿ, ಸುಸ್ತಿ ಮೊತ್ತ, ಮತ್ತು ಖಾತೆಯಲ್ಲಿ ವ್ಯಕ್ತಿಯ ಸ್ಥಾನ, ಎಂದರೆ ಸ್ವಂತ ಸಾಲಗಾರರೇ, ಜಂಟಿ ಸಾಲಗಾರರೇ, ಜಾಮೀನುದಾರರೇ ಎಂಬುದು ನಮೂದಾಗಿರುತ್ತದೆ. ಅದರ ಕೆಳಗೆ ಸುಮಾರು 36 ತಿಂಗಳ ಚೌಕಗಳ ಸಾಲೊಂದಿದೆ. ಕಂತು ಗಡುವು ಮೀರಿ ಎಷ್ಟು ದಿನವಾಗಿದೆ ಎಂಬುದನ್ನು ಪ್ರತಿ ತಿಂಗಳ ಚೌಕ ತೋರಿಸುತ್ತದೆ. ಸೊನ್ನೆ ಎಂದರೆ ವಿಳಂಬವಿಲ್ಲ. 30, 60 ಎಂದರೆ ಅಷ್ಟು ದಿನಗಳ ವಿಳಂಬ. ಸಾಲ ಮಂಜೂರು ಮಾಡುವ ಅಧಿಕಾರಿ ವರದಿಯನ್ನು ತೆರೆದೊಡನೆ ನೋಡುವ ಜಾಗಗಳಲ್ಲಿ ಇದು ಪ್ರಮುಖವಾದುದು. ಮೂರು ವರ್ಷಗಳ ಹಿಂದಿನ ಒಂದು ವಿಳಂಬಕ್ಕೂ ಕಳೆದ ಆರು ತಿಂಗಳಿನಿಂದ ಬೆಳೆಯುತ್ತ ಬಂದ ವಿಳಂಬಕ್ಕೂ ಇರುವ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ.

ಸಂಸ್ಥೆಗಳು ಈ ಮಾಹಿತಿಯನ್ನು ಮೊದಲು ತಿಂಗಳಿಗೊಮ್ಮೆ ಕಳುಹಿಸುತ್ತಿದ್ದವು. 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಕಳುಹಿಸಬೇಕಾಗಿದೆ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಪ್ರತಿ ತಿಂಗಳ 5ರಂದು ಕಟ್ಟಬೇಕಾದ ಕಂತನ್ನು 22ರಂದು ಕಟ್ಟುವವರ ವಿಳಂಬ ತಿಂಗಳ ಕೊನೆಯ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಈಗ 15ನೇ ತಾರೀಖಿನ ಲೆಕ್ಕದಲ್ಲಿ ಅದು ಹತ್ತು ದಿನಗಳ ಸುಸ್ತಿಯಾಗಿ ಹೋಗುತ್ತದೆ. ಹಾಲಿನ ಬಟವಾಡೆಯೋ ಸಂಬಳವೋ ಬರುವ ದಿನಕ್ಕೆ ಹೊಂದುವಂತೆ ಕಂತಿನ ದಿನಾಂಕವನ್ನು ಸಾಲ ಪಡೆಯುವಾಗಲೇ ಕೇಳಿ ನಿಗದಿಪಡಿಸಿಕೊಳ್ಳುವುದು ಲೇಸು. ಇದರ ಇನ್ನೊಂದು ಮುಖವೂ ಇದೆ: ಬಾಕಿ ತೀರಿಸಿದ ಸುದ್ದಿಯೂ ಈಗ ಬೇಗ ತಲುಪುತ್ತದೆ.

ಸಾಮಾನ್ಯ ಸಾಲದಲ್ಲಿ ಗಡುವು ಮೀರಿ 90 ದಿನಗಳಾದರೆ ಖಾತೆ ಅನುತ್ಪಾದಕವೆನಿಸುತ್ತದೆ. ಬೆಳೆಸಾಲಕ್ಕೆ ಈ ಅಳತೆ ಬೇರೆ. ಅಲ್ಪಾವಧಿ ಬೆಳೆಗಳಿಗೆ ಗಡುವಿನ ನಂತರ ಎರಡು ಬೆಳೆ ಹಂಗಾಮುಗಳು, ದೀರ್ಘಾವಧಿ ಬೆಳೆಗಳಿಗೆ ಒಂದು ಹಂಗಾಮು. ಆದರೆ ಸಕಾಲ ಮರುಪಾವತಿಗೆ ದೊರೆಯುವ ಬಡ್ಡಿ ರಿಯಾಯಿತಿ ಗಡುವಿನ ದಿನಕ್ಕೇ ಬಿದ್ದುಹೋಗುತ್ತದೆ. ಅದಕ್ಕೆ ಹಂಗಾಮಿನ ವಿನಾಯಿತಿ ಇಲ್ಲ.

ವರದಿಯ ಕೊನೆಯಲ್ಲಿ ವಿಚಾರಣೆಗಳ ಪಟ್ಟಿ ಇರುತ್ತದೆ. ಸಾಲಕ್ಕಾಗಿ ಅರ್ಜಿ ಹಾಕಿದಾಗಲೆಲ್ಲ ಯಾವ ಸಂಸ್ಥೆ ಯಾವ ದಿನ ವರದಿ ನೋಡಿತು ಎಂಬುದು ಅಲ್ಲಿ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಿದವರನ್ನು ಹಣದ ಅಡಚಣೆಯಲ್ಲಿರುವವರೆಂದು ಸಂಸ್ಥೆಗಳು ಭಾವಿಸುತ್ತವೆ. ತಮ್ಮ ವರದಿಯನ್ನು ತಾವೇ ನೋಡಿಕೊಳ್ಳುವುದರಿಂದ ಅಂಕ ಇಳಿಯುವುದಿಲ್ಲ.

ಸಾಲವನ್ನೇ ಪಡೆಯದವರ ವರದಿಯಲ್ಲಿ ಅಂಕವಿರುವುದಿಲ್ಲ. ಹೊಸದಾಗಿ ಬ್ಯಾಂಕಿಗೆ ಹೋದ ಯುವಕರು ಮತ್ತು ಗೃಹಿಣಿಯರು ಇದೇ ಕಾರಣಕ್ಕೆ ಹಿಂದಿರುಗಿ ಬರುತ್ತಾರೆ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಸಾಲದ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕಿನ 2025ರ ಜನವರಿ 6ರ ನಿರ್ದೇಶನವು ಸಂಸ್ಥೆಗಳಿಗೆ ತಿಳಿಸಿದೆ. ಶಾಖೆಯಲ್ಲಿ ಇದನ್ನು ವಿನಯದಿಂದ ಉಲ್ಲೇಖಿಸಬಹುದು. ಆದಾಯ, ಉದ್ದೇಶ ಮೊದಲಾದ ಬೇರೆ ಕಾರಣಗಳಿಂದ ಅರ್ಜಿಯನ್ನು ನಿರಾಕರಿಸುವ ಅಧಿಕಾರ ಬ್ಯಾಂಕಿಗೆ ಉಳಿದೇ ಇರುತ್ತದೆ.

ಜಾಮೀನು ಸಹಿ

ಬ್ಯಾಂಕಿನ ನಮೂನೆಯಲ್ಲಿ ಸಹಿ ಹಾಕುವ ಜಾಗಗಳು ಹಲವು. ಸಾಕ್ಷಿ ಎಂದು ಸಹಿ ಹಾಕಿದವರಿಗೆ ಸಾಲದ ಹೊಣೆ ಇಲ್ಲ. ಸದಸ್ಯರು ತಮ್ಮ ಪತ್ರದಲ್ಲಿ “ಇವರು ನಮ್ಮ ವಾರ್ಡಿನ ನಿವಾಸಿ, ಪರಿಚಿತರು” ಎಂದು ಬರೆದುಕೊಟ್ಟರೆ ಅದೂ ಜಾಮೀನಾಗುವುದಿಲ್ಲ. ಸಹ ಸಾಲಗಾರ ಎಂಬಲ್ಲಿ ಸಹಿ ಬಿದ್ದರೆ ಆ ಸಾಲ ಸಂಪೂರ್ಣವಾಗಿ ತಮ್ಮದೂ ಹೌದು. ಜಾಮೀನುದಾರ ಎಂಬಲ್ಲಿ ಸಹಿ ಬಿದ್ದರೆ, 1872ರ ಭಾರತೀಯ ಕರಾರು ಅಧಿನಿಯಮದ 128ನೇ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರರ ಹೊಣೆಯೂ ಮೂಲ ಸಾಲಗಾರರ ಹೊಣೆಯಷ್ಟೇ ವಿಸ್ತಾರವಾದುದು. ಬ್ಯಾಂಕು ಮೊದಲು ಸಾಲಗಾರರ ಬೆನ್ನು ಹತ್ತಿ, ಅಲ್ಲಿ ಸಿಗದಿದ್ದರೆ ಮಾತ್ರ ಜಾಮೀನುದಾರರ ಕಡೆ ಬರಬೇಕು ಎಂಬುದು ಊರಿನ ನಂಬಿಕೆಯೇ ಹೊರತು ಕಾನೂನಲ್ಲ.

ಸದಸ್ಯರೊಬ್ಬರು ನೆರೆಯವರ 6 ಲಕ್ಷ ರೂಪಾಯಿಯ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದಾರೆಂದು ಇಟ್ಟುಕೊಳ್ಳೋಣ. ಆ ಖಾತೆ ಅಂದಿನಿಂದಲೇ ಸದಸ್ಯರ ವರದಿಯಲ್ಲಿ ಜಾಮೀನುದಾರ ಎಂಬ ಗುರುತಿನೊಡನೆ ಸೇರುತ್ತದೆ. ನೆರೆಯವರು ಕಂತು ಕಟ್ಟುತ್ತಿರುವವರೆಗೆ ತೊಂದರೆ ಕಾಣದು. ಮಳೆ ಕೈಕೊಟ್ಟು ಎರಡು ಕಂತು ತಪ್ಪಿದರೆ ಸುಸ್ತಿಯ ಗುರುತು ಸದಸ್ಯರ ವರದಿಯಲ್ಲಿಯೂ ಮೂಡುತ್ತದೆ. ನೋಟಿಸು ಮೂಲ ಸಾಲಗಾರರ ವಿಳಾಸಕ್ಕೆ ಹೋಗಿರಬಹುದು. ಸಂಕೋಚದಿಂದ ಅವರು ತಿಳಿಸದೆಯೂ ಇರಬಹುದು. ಸದಸ್ಯರಿಗೆ ವಿಷಯ ಗೊತ್ತಾಗುವುದು ಸ್ವಂತ ಮಗಳ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದ ದಿನ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಪೋಷಕರು ಸಹ ಸಾಲಗಾರರಾಗಿರುವುದರಿಂದ ಪರಿಶೀಲನೆಗೆ ಒಳಪಡುವುದು ಪೋಷಕರ ವರದಿಯೇ. ಕಾಲೇಜು ಶುಲ್ಕದ ಕೊನೆಯ ದಿನ ಹತ್ತಿರವಾಗಿರುವಾಗ ಟ್ರ್ಯಾಕ್ಟರ್ ಸಾಲದ ಪಂಚಾಯಿತಿ ಮಾಡಲು ಸಮಯವೆಲ್ಲಿದೆ?

ಸಾಲ ವಿತರಣೆಯಾದ ನಂತರ “ನನ್ನ ಜಾಮೀನು ಹಿಂಪಡೆಯುತ್ತೇನೆ” ಎಂದು ಬರೆದುಕೊಟ್ಟರೆ ಸಾಲದು. ಬ್ಯಾಂಕು ಒಪ್ಪಿ, ಬದಲಿ ಜಾಮೀನನ್ನೋ ಆಸ್ತಿಯ ಭದ್ರತೆಯನ್ನೋ ಪಡೆದು ಬಿಡುಗಡೆ ಪತ್ರ ಕೊಡಬೇಕು. ಹಾಗಾಗಿ ಕೇಳಬೇಕಾದದ್ದನ್ನೆಲ್ಲ ಸಹಿಗೆ ಮೊದಲೇ ಕೇಳಬೇಕು. ಸಾಲ ಎಷ್ಟು, ಎಷ್ಟು ವರ್ಷ, ಕೇಳುತ್ತಿರುವವರ ವರದಿ ಹೇಗಿದೆ? ಸಾಲಗಾರರು ತಮ್ಮ ವರದಿಯನ್ನು ತೋರಿಸಲು ಹಿಂಜರಿದರೆ ಅದೇ ಒಂದು ಉತ್ತರ. ಜಾಮೀನು ಪತ್ರದ ಪ್ರತಿಯನ್ನು ಪಡೆದಿಟ್ಟುಕೊಂಡು, ತಮ್ಮ ಮೊಬೈಲ್ ಸಂಖ್ಯೆಯನ್ನು ಆ ಸಾಲದ ಕಡತದಲ್ಲಿ ಬರೆಸಬೇಕು. ಈಗಾಗಲೇ ಜಾಮೀನು ನಿಂತವರು ವರ್ಷಕ್ಕೊಮ್ಮೆ ತಮ್ಮ ವರದಿ ತೆಗೆದು ಆ ಖಾತೆಯ ಚೌಕಗಳನ್ನು ನೋಡಿದರೆ ಸಾಲ ಹದಗೆಡುವ ಮೊದಲೇ ನೆರೆಯವರೊಡನೆ ಮಾತನಾಡಬಹುದು. ಬಾಕಿಯನ್ನು ಜಾಮೀನುದಾರರೇ ತುಂಬಬೇಕಾಗಿ ಬಂದರೆ ಆ ಮೊತ್ತವನ್ನು ಮೂಲ ಸಾಲಗಾರರಿಂದ ವಸೂಲು ಮಾಡುವ ಹಕ್ಕನ್ನು ಅದೇ ಅಧಿನಿಯಮದ 145ನೇ ಪ್ರಕರಣ ನೀಡಿದೆ. ಬ್ಯಾಂಕಿಗೆ ಕಟ್ಟಿದ ಪ್ರತಿಯೊಂದು ರಸೀದಿಯೂ ತಮ್ಮ ಹೆಸರಿನಲ್ಲಿರಬೇಕು.

ಜನಪ್ರತಿನಿಧಿಗೆ ಇಲ್ಲವೆನ್ನುವುದು ಕಷ್ಟ. ಆದರೂ ಪರಿಚಯ ಪತ್ರ ಕೊಟ್ಟು ಜಾಮೀನು ನಿರಾಕರಿಸುವುದು ಅಸೌಜನ್ಯವೆನಿಸದು.

ಸಂಘದ ಸಾಲ, ಕಿರುಸಾಲ

ಸ್ವಸಹಾಯ ಸಂಘದ ಸಾಲ ಸಂಘದ ಹೆಸರಿನಲ್ಲಿರುತ್ತದೆ, ವೈಯಕ್ತಿಕ ವರದಿಗೆ ಬರುವುದಿಲ್ಲ ಎಂಬ ಭಾವನೆ ಹಳೆಯದು. ಸಂಘದ ಸದಸ್ಯವಾರು ಮಾಹಿತಿಯನ್ನೂ ಬ್ಯಾಂಕುಗಳು ಸಂಗ್ರಹಿಸಿ ಸಾಲ ಮಾಹಿತಿ ಕಂಪನಿಗಳಿಗೆ ನೀಡುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕು 2016ರಲ್ಲಿಯೇ ಆರಂಭಿಸಿದೆ. ಆದ್ದರಿಂದ ಸಂಘದ ಪುಸ್ತಕದಲ್ಲಿ ಯಾರ ಹೆಸರಿಗೆ ಎಷ್ಟು ಹಂಚಿಕೆಯಾಗಿದೆ ಎಂಬ ಬರಹಕ್ಕೆ ಹಿಂದಿಗಿಂತ ಹೆಚ್ಚಿನ ತೂಕ ಬಂದಿದೆ. ಒಬ್ಬರ ಹೆಸರಿನಲ್ಲಿ ತೆಗೆದು ಇನ್ನೊಬ್ಬರು ಬಳಸುವ ರೂಢಿಯಿದ್ದಲ್ಲಿ ಹೆಸರು ಕೊಟ್ಟವರೇ ಸುಸ್ತಿದಾರರಾಗುತ್ತಾರೆ. ಸಂಜೀವಿನಿ ಒಕ್ಕೂಟದ ಸಭೆಗಳಲ್ಲಿ ಈ ಒಂದು ಮಾತನ್ನು ತಾಯಂದಿರಿಗೆ ಬಿಡಿಸಿ ಹೇಳುವಂತೆ ಮುಖ್ಯ ಪುಸ್ತಕ ಬರಹಗಾರರಿಗೆ ಸದಸ್ಯರು ಸೂಚಿಸಬಹುದು.

ಕಿರುಸಾಲಕ್ಕೆ 2022ರ ಏಪ್ರಿಲ್ 1ರಿಂದ ಪ್ರತ್ಯೇಕ ನಿಯಮವಿದೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಆಧಾರವಿಲ್ಲದೆ ನೀಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತುಗಳ ಮೊತ್ತ ಮಾಸಿಕ ಆದಾಯದ ಶೇಕಡ 50ನ್ನು ಮೀರಬಾರದು. ತಿಂಗಳಿಗೆ 14,000 ರೂಪಾಯಿ ಆದಾಯವಿರುವ ಮನೆಗೆ ಎಲ್ಲ ಸಂಸ್ಥೆಗಳ ಕಂತು ಸೇರಿ 7,000 ರೂಪಾಯಿಯೇ ಮಿತಿ. ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು. ಈ ಮಿತಿಯನ್ನು ಪರಿಶೀಲಿಸಲು ಸಂಸ್ಥೆಗಳು ಬಳಸುವುದೂ ಸಾಲ ಮಾಹಿತಿ ವರದಿಯನ್ನೇ. ಹೆಂಡತಿಯ ಅರ್ಜಿ ಗಂಡನ ಸಾಲದಿಂದ ನಿಂತಿದ್ದರೆ ಅದು ಅನ್ಯಾಯವೆಂದು ಕಂಡರೂ ನಿಯಮದೊಳಗಿನ ಮಾತು.

ಕಿರುಸಾಲದ ವಸೂಲಿಯಲ್ಲಿ ಬಲವಂತ ಮತ್ತು ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರವು 2025ರಲ್ಲಿ ಕಾನೂನು ತಂದಿದೆ. ಕಿರುಕುಳ ಕಂಡಲ್ಲಿ ಪೊಲೀಸರಿಗೆ ದೂರು ನೀಡಲು ಸದಸ್ಯರು ಹಿಂಜರಿಯಬೇಕಿಲ್ಲ. ಆದರೆ ಆ ಕಾನೂನಿನಿಂದ ಎಲ್ಲ ಸಾಲವೂ ಮನ್ನಾ ಆಗಿದೆ ಎಂಬ ಮಾತನ್ನು ನಂಬಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಯ ಕಂತನ್ನು ನಿಲ್ಲಿಸಿದವರ ವರದಿ ಮಾತ್ರ ಕೆಡುತ್ತದೆ.

ತೀರಿದ ಸಾಲ, ಇತ್ಯರ್ಥವಾದ ಸಾಲ

ಪೂರ್ತಿ ಕಟ್ಟಿ ಮುಗಿಸಿದ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದಿರುತ್ತದೆ. ಬ್ಯಾಂಕಿನೊಡನೆ ಮಾತುಕತೆಯಾಗಿ ಕಡಿಮೆ ಮೊತ್ತಕ್ಕೆ ಒಂದೇ ಬಾರಿಗೆ ತೀರಿಸಿದ ಖಾತೆಯ ಮುಂದೆ ‘ಸೆಟಲ್ಡ್’ ಎಂದಿರುತ್ತದೆ. ವಸೂಲಾಗದೆಂದು ಬ್ಯಾಂಕು ತನ್ನ ಲೆಕ್ಕದಿಂದ ತೆಗೆದ ಖಾತೆ ‘ರಿಟನ್ ಆಫ್’. ಸಾಲಗಾರರ ದೃಷ್ಟಿಯಲ್ಲಿ ಮೊದಲಿನೆರಡೂ ಒಂದೇ, ಬಾಕಿ ಇಲ್ಲ. ಮುಂದೆ ಸಾಲ ಕೊಡುವವರ ದೃಷ್ಟಿಯಲ್ಲಿ ಒಂದೇ ಅಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದ ಸಾಲಕ್ಕೂ ಇದೇ ಮಾತು ಅನ್ವಯಿಸಬಹುದು. ಸಂಕಷ್ಟದಲ್ಲಿರುವವರಿಗೆ ರಾಜಿ ನಿಜವಾದ ಪರಿಹಾರವೇ ಆಗಿದ್ದರೂ, ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆಂದು ಅವರಿಗೆ ಮೊದಲೇ ತಿಳಿಸುವುದು ನ್ಯಾಯ.

ಸಾಲ ಮನ್ನಾ ಫಲಾನುಭವಿಗಳು ಕೂಡ ಒಮ್ಮೆ ವರದಿ ನೋಡಿಕೊಳ್ಳಬೇಕು. ಸರ್ಕಾರದ ಹಣ ಖಾತೆಗೆ ಬರುವವರೆಗಿನ ಅವಧಿ ಸುಸ್ತಿಯೆಂದು ದಾಖಲಾಗಿರಬಹುದು. ಮನ್ನಾ ಮಿತಿಗಿಂತ ಹೆಚ್ಚಿನ ಮೊತ್ತ ರೈತರ ಹೆಸರಿನಲ್ಲಿಯೇ ಉಳಿದಿರಬಹುದು. ಸರ್ಕಾರದ ಆದೇಶದಿಂದಾಗಲಿ ಪ್ರಕೃತಿ ವಿಕೋಪದಿಂದಾಗಲಿ ಮರುಹೊಂದಾಣಿಕೆಯಾದ ಸಾಲಕ್ಕೆ ವರದಿಯಲ್ಲಿ ಪ್ರತ್ಯೇಕ ಗುರುತುಗಳಿವೆ. ಬ್ಯಾಂಕು ಅದನ್ನು ಬಳಸದೆ ಸಾಮಾನ್ಯ ಸುಸ್ತಿ ಎಂದು ಬರೆದಿದ್ದರೆ ತಿದ್ದಿಸಬೇಕು. ಸಾಲ ಯಾವ ಬಗೆಯಲ್ಲಿ ತೀರಿದರೂ ಬೇಬಾಕಿ ಪತ್ರ ಪಡೆಯುವುದನ್ನು ಮರೆಯಬಾರದು. ತಿದ್ದುಪಡಿ ಕೋರುವಾಗ ಕೈಯಲ್ಲಿರಬೇಕಾದ ಮೊದಲ ದಾಖಲೆ ಅದೇ.

ವರದಿ ಪಡೆಯುವುದು, ತಪ್ಪು ತಿದ್ದಿಸುವುದು

ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಅಂಕಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕು. ನಾಲ್ಕು ಕಂಪನಿಗಳಿರುವುದರಿಂದ ವರ್ಷಕ್ಕೆ ನಾಲ್ಕು ಉಚಿತ ವರದಿಗಳು ಲಭ್ಯ. ಮೂರು ತಿಂಗಳಿಗೊಂದರಂತೆ ಪಡೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ಪ್ಯಾನ್ ಅಥವಾ ಇತರ ಗುರುತಿನ ದಾಖಲೆ ಮತ್ತು ಮೊಬೈಲಿಗೆ ಬರುವ ಓಟಿಪಿ ಇದ್ದರೆ ಕಂಪನಿಯ ಜಾಲತಾಣದಲ್ಲಿಯೇ ವರದಿ ದೊರೆಯುತ್ತದೆ. ಅರ್ಜಿ ತಿರಸ್ಕೃತವಾದವರಿಗೆ ಇನ್ನೊಂದು ದಾರಿಯೂ ಇದೆ. 2005ರ ಅಧಿನಿಯಮದ 21ನೇ ಪ್ರಕರಣದಂತೆ, ತಮ್ಮ ಅರ್ಜಿಗಾಗಿ ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ನಿಗದಿತ ಶುಲ್ಕ ಕೊಟ್ಟು ಆ ಬ್ಯಾಂಕಿನಿಂದಲೇ ಕೇಳಿ ಪಡೆಯಬಹುದು. “ಸಿಬಿಲ್ ಸರಿಯಿಲ್ಲ” ಎಂಬ ಬಾಯಿಮಾತಿಗೆ ಬದಲು ಕಾಗದ ಕೈಗೆ ಬಂದರೆ ಅರ್ಧ ಕೆಲಸ ಆದಂತೆ.

ತಪ್ಪು ಕಂಡರೆ ಕಂಪನಿಗಾಗಲಿ ಸಾಲ ನೀಡಿದ ಸಂಸ್ಥೆಗಾಗಲಿ ದೂರು ಸಲ್ಲಿಸಬಹುದು. ಕಂಪನಿಯು ತಾನಾಗಿಯೇ ಸಾಲು ಅಳಿಸಲಾಗದು. ಬರೆಸಿದ ಸಂಸ್ಥೆ ಒಪ್ಪಬೇಕು. ಹಾಗಾಗಿ ಎರಡೂ ಕಡೆ ಬರೆಯುವುದು ಉತ್ತಮ. ಸಂಸ್ಥೆಗೆ 21 ದಿನ, ಒಟ್ಟಾರೆ 30 ದಿನಗಳ ಗಡುವಿದೆ. ದೂರು ಕೊಟ್ಟ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ದೂರಿನ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳದಿದ್ದರೆ ಈ ನಿಯಮದಿಂದ ಪ್ರಯೋಜನವಿಲ್ಲ. ಅಷ್ಟಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಸಾಲ ಮಾಹಿತಿ ಕಂಪನಿಗಳು 2022ರ ಸೆಪ್ಟೆಂಬರ್ 1ರಿಂದ ಆ ವ್ಯವಸ್ಥೆಯ ವ್ಯಾಪ್ತಿಗೆ ಬಂದಿವೆ. ಮಾರ್ಗದರ್ಶನಕ್ಕೆ ದೂರವಾಣಿ ಸಂಖ್ಯೆ 14448.

ನಿಜವಾಗಿ ಬಾಕಿ ಉಳಿದಿರುವ ಸಾಲನ್ನು ಯಾವ ದೂರಿನಿಂದಲೂ ಅಳಿಸಲಾಗದು. ಎರಡು ಮೂರು ಸಾವಿರ ರೂಪಾಯಿ ಕೊಟ್ಟರೆ ಸಿಬಿಲ್ ಸರಿಮಾಡಿಸುತ್ತೇವೆ ಎಂದು ಹೇಳಿಕೊಂಡು ಬರುವವರು ಮಾಡುವುದು ಉಚಿತವಾಗಿ ಸಲ್ಲಿಸಬಹುದಾದ ಇದೇ ದೂರನ್ನು ಸಲ್ಲಿಸುವುದು. ಇಲ್ಲವೇ ಪ್ಯಾನ್ ಪ್ರತಿ ಮತ್ತು ಓಟಿಪಿ ಪಡೆದು ಅದೇ ಹೆಸರಿನಲ್ಲಿ ಆ್ಯಪ್ ಸಾಲ ಎತ್ತುವುದು. ವರದಿಯನ್ನು ಯಾವುದಾದರೂ ಸಂಸ್ಥೆ ತೆರೆದಾಗ ಗ್ರಾಹಕರ ಮೊಬೈಲಿಗೆ ಸಂದೇಶ ಬರುವ ವ್ಯವಸ್ಥೆ ಇರುವುದರಿಂದ, ತಾವು ಅರ್ಜಿ ಹಾಕದಿದ್ದರೂ ಅಂತಹ ಸಂದೇಶ ಬಂದರೆ ತಡಮಾಡದೆ ವಿಚಾರಿಸಬೇಕು. ಬಳಕೆಯಲ್ಲಿಲ್ಲದ ಹಳೆಯ ಸಂಖ್ಯೆಯೇ ಬ್ಯಾಂಕಿನಲ್ಲಿದ್ದರೆ ಆ ಸಂದೇಶ ಯಾರ ಕೈಗೋ ಹೋಗುತ್ತದೆ.

ಗ್ರಾಮ ಪಂಚಾಯತಿಯ ಅರಿವು ಕೇಂದ್ರದ ಗಣಕಯಂತ್ರದಲ್ಲಿ ವರದಿ ತೆಗೆದುಕೊಳ್ಳಲು ಗ್ರಾಮಸ್ಥರಿಗೆ ನೆರವಾಗಬಹುದು. ಆದರೆ ಓಟಿಪಿಯನ್ನು ಅವರೇ ನಮೂದಿಸಬೇಕು. ಮುದ್ರಿತ ಪ್ರತಿ ಅವರ ಕೈಗೇ ಹೋಗಬೇಕು. ಯಂತ್ರದಲ್ಲಿ ಉಳಿದ ಕಡತವನ್ನು ಅವರೆದುರಿನಲ್ಲಿಯೇ ಅಳಿಸಬೇಕು. ವ್ಯಕ್ತಿಯ ಸಾಲದ ವಿವರ ಅವರ ಸ್ವಂತ ವಿಷಯ. ಅದನ್ನು ಪಂಚಾಯತಿ ಕಚೇರಿಯಲ್ಲಿ ಸಂಗ್ರಹಿಸಿಡುವುದಾಗಲಿ, ಫಲಾನುಭವಿಗಳ ಆಯ್ಕೆಗೆ ಅಳತೆಗೋಲಾಗಿ ಗ್ರಾಮಸಭೆಯಲ್ಲಿ ಓದುವುದಾಗಲಿ ಸಲ್ಲದು.